ಮನೆಗೆ ಬಿಪಿ ಮಷೀನು ತರುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಮನೆಯಲ್ಲಿ 40 ದಾಟಿದವರು ಇದ್ದರೆ, ಅದರಲ್ಲೂ ಅಪ್ಪನಿಗೋ ಅಮ್ಮನಿಗೋ ಬಿಪಿ ಇತ್ತು ಅನ್ನುವವರು ಇದ್ದರೆ, ತೋಳಿಗೆ ಪಟ್ಟಿ ಕಟ್ಟುವ ಒಂದು ಸಾದಾ ಡಿಜಿಟಲ್ ಬಿಪಿ ಮಷೀನು ಮನೆಯಲ್ಲಿ ಇರಲಿ. ಆದರೆ ತಂದು ಬೀರುವಿನಲ್ಲಿ ಇಟ್ಟರೆ ಏನೂ ಉಪಯೋಗವಿಲ್ಲ. ಭಯ ಬಿದ್ದು ದಿನಕ್ಕೆ ಹತ್ತು ಸಲ ನೋಡಿದರೂ ಉಪಯೋಗವಿಲ್ಲ. ಅದನ್ನು ಹೇಗೆ ಬಳಸಬೇಕು, ಅದರ ಜೊತೆಗೆ ಊಟ ಓಡಾಟದಲ್ಲಿ ಏನೇನು ನಿಧಾನವಾಗಿ ಬದಲಾಯಿಸಬಹುದು ಅನ್ನುವುದನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವು ತುಮಕೂರಿನವರು. ಮನೆಯಲ್ಲಿ ನಾನು, ನಮ್ಮವರು, ಅತ್ತೆ. ಅತ್ತೆಗೆ ಬಿಪಿ ಹಳೆಯದು, ಮಾತ್ರೆ ನಡೆಯುತ್ತಿದೆ. ನಮ್ಮವರದ್ದು ಹೊಸದು. ಆಫೀಸಿನ ಹೆಲ್ತ್ ಕ್ಯಾಂಪಿನಲ್ಲಿ ಮೇಲಿನ ನಂಬರ್ 150ರ ಹತ್ತಿರ ಬಂದಿತ್ತು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು, ಬೆಳಿಗ್ಗೆ ಅರ್ಧ ನಿದ್ದೆಯಲ್ಲೇ ಮನೆ ಬಿಡುತ್ತಾರೆ, ಕ್ಯಾಂಪಿನಲ್ಲಿ ಸಾಲು, ಗಲಾಟೆ, ಕುಡಿದ ಕಾಫಿ ಇನ್ನೂ ಹೊಟ್ಟೆಯಲ್ಲಿ. ಆ ಒಂದು ನಂಬರ್ ನೋಡಿ ಮಾತ್ರೆ ಶುರು ಮಾಡುವುದು ಬೇಡ ಅಂದರು ನಮ್ಮ ಡಾಕ್ಟರು. ಮನೆಯಲ್ಲಿ ಒಂದು ವಾರ ಸರಿಯಾಗಿ ನೋಡಿ ಬರೆದುಕೊಂಡು ಬನ್ನಿ, ಉಪ್ಪು ಕಮ್ಮಿ ಮಾಡಿ, ನಡೆಯಿರಿ, ಮೂರು ತಿಂಗಳು ನೋಡೋಣ ಅಂದರು. ಮಷೀನು ಬಂದದ್ದು ಹಾಗೆ. ಈಗ ವರ್ಷದ ಮೇಲಾಗಿದೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2023ರಲ್ಲಿ ಹೊರಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನುವ ಅಧ್ಯಯನದ ಪ್ರಕಾರ ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಶೇಕಡಾ 35.5 ಜನಕ್ಕೆ ಬಿಪಿ ಇದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ, ಆದರೂ ಒಳಗೆ ನಂಬರ್ ಏರಿರುತ್ತದೆ. ಅಳೆಯದೆ ಗೊತ್ತಾಗುವುದೇ ಇಲ್ಲ. ಇನ್ನು ಕೆಲವರಿಗೆ ಆಸ್ಪತ್ರೆಯ ವಾಸನೆಗೇ ಬಿಪಿ ಏರುತ್ತದೆ, ಮನೆಯಲ್ಲಿ ನೋಡಿದರೆ ಸರಿ ಇರುತ್ತದೆ. ಉಲ್ಟಾ ಆಗುವವರೂ ಇದ್ದಾರೆ, ಕ್ಲಿನಿಕ್‌ನಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಈ ಎರಡನೆಯವರದ್ದು ಮಷೀನಿಲ್ಲದೆ ಸಿಕ್ಕಿಬೀಳುವುದೇ ಕಷ್ಟ.

ಮಾರ್ಕೆಟ್ಟಿನಲ್ಲಿ ಮೂರು ತರದ್ದು ಸಿಗುತ್ತದೆ. ತೋಳಿಗೆ ಕಟ್ಟುವುದು, ಮಣಿಕಟ್ಟಿಗೆ ಕಟ್ಟುವುದು, ಆಮೇಲೆ ಬಿಪಿ ತೋರಿಸುತ್ತೇವೆ ಅನ್ನುವ ವಾಚುಗಳು. ಕಣ್ಣುಮುಚ್ಚಿಕೊಂಡು ತೋಳಿನದ್ದೇ ತಗೊಳ್ಳಿ. ಮಣಿಕಟ್ಟಿನದ್ದು ನೋಡಲು ಚಿಕ್ಕದಾಗಿ ಚೆನ್ನಾಗಿರುತ್ತದೆ, ಬ್ಯಾಗಿನಲ್ಲಿ ಹಿಡಿಯುತ್ತದೆ, ಆದರೆ ಕೈ ಎದೆಯ ಮಟ್ಟದಲ್ಲಿ ಸರಿಯಾಗಿ ಇಲ್ಲದಿದ್ದರೆ ನಂಬರ್ ಎಲ್ಲೆಲ್ಲಿಗೋ ಹೋಗುತ್ತದೆ. ತೋಳು ತುಂಬಾ ದಪ್ಪ ಇದ್ದು ಯಾವ ಪಟ್ಟಿಯೂ ಕೂರದವರಿಗೆ ಮಾತ್ರ ಅದು, ಅದೂ ಡಾಕ್ಟರನ್ನು ಕೇಳಿ. ವಾಚಿನ ನಂಬರ್ ನೋಡಿಕೊಂಡು ಮಾತ್ರೆ ವಿಷಯ ತೀರ್ಮಾನ ಮಾಡುವುದಂತೂ ಬೇಡವೇ ಬೇಡ.

ಒಮ್ರಾನ್, ಡಾಕ್ಟರ್ ಮೊರೆಪೆನ್, ಬಿಪಿಎಲ್ ಹೀಗೆ ಹಲವು ಕಂಪನಿಗಳದ್ದು ಸಿಗುತ್ತದೆ. ಸಾದಾ ಮಾಡೆಲ್‌ಗಳು ಸುಮಾರು ರೂ. 1,500ರಿಂದ 3,000ದ ಒಳಗೆ ಬರುತ್ತವೆ. ಇಲ್ಲಿ ಕಂಪನಿಗಿಂತ ಮುಖ್ಯ ಏನೆಂದರೆ ಆ ನಿರ್ದಿಷ್ಟ ಮಾಡೆಲ್ ಪರೀಕ್ಷೆಗೆ ಒಳಗಾಗಿದೆಯಾ ಅನ್ನುವುದು. ಸ್ಟ್ರೈಡ್ ಬಿಪಿ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, ಪರೀಕ್ಷೆಯಲ್ಲಿ ಪಾಸಾದ ಮಾಡೆಲ್‌ಗಳ ಪಟ್ಟಿಯನ್ನು ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮಾಡೆಲ್ ನಂಬರ್ ಡಬ್ಬದ ಮೇಲೆ ಇರುತ್ತದೆ, ಫೋನಿನಲ್ಲಿ ಹುಡುಕಲು ಎರಡು ನಿಮಿಷ. ಒಂದೇ ಕಂಪನಿಯ ಒಂದು ಮಾಡೆಲ್ ಪಟ್ಟಿಯಲ್ಲಿ ಇದ್ದು ಇನ್ನೊಂದು ಇಲ್ಲದೆಯೂ ಇರಬಹುದು, ಹಾಗಾಗಿ ಹೆಸರು ನೋಡಿ ಸುಮ್ನೆ ತರಬೇಡಿ. ಬ್ಲೂಟೂತ್, ಆಪ್ ಇವೆಲ್ಲ ಇರುವ ಮಾಡೆಲ್‌ಗೆ ದುಡ್ಡು ಜಾಸ್ತಿ. ನಾವು ಅವಿಲ್ಲದ್ದನ್ನು ತಂದೆವು, ಕೊರತೆ ಅನಿಸಿಲ್ಲ.

ಈಗ ತೋಳಿಗೆ ಕಟ್ಟುವ ಪಟ್ಟಿಯ ವಿಷಯ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಡಬ್ಬದ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ನಾವು ಮಷೀನು ತಂದ ಅಂಗಡಿಯಲ್ಲಿ ಅಳತೆ ಕೇಳಲೇ ಇಲ್ಲ, ಇದೇ ಎಲ್ಲರೂ ತಗೊಂಡು ಹೋಗೋದು ಅಂತ ಕೊಟ್ಟು ಕಳಿಸಿದರು. ಅತ್ತೆಗೆ ಸರಿಹೋಯಿತು. ನಮ್ಮವರ ತೋಳು ದಪ್ಪ, ಪಟ್ಟಿ ಎಳೆದು ಎಳೆದು ಕಟ್ಟಬೇಕು, ಗಾಳಿ ತುಂಬುವಾಗ ಅಂಟು ಬಿಟ್ಟು ಬರುತ್ತಿತ್ತು, ನಂಬರ್ ಗಾಬರಿಯಾಗುವಷ್ಟು ಮೇಲೆ. ಬದಲಾಯಿಸಿಕೊಡಿ ಅಂದರೆ ಡಬ್ಬ ತೆರೆದಾಗಿದೆ ಆಗಲ್ಲ ಅಂದರು. ಕೊನೆಗೆ 22ರಿಂದ 42ರವರೆಗೆ ಬರುವ ದೊಡ್ಡ ಪಟ್ಟಿಯನ್ನು, ಅದೇ ಮಾಡೆಲ್‌ಗೆ ಹೊಂದುವಂಥದ್ದನ್ನು, ಬೇರೆಯಾಗಿ ತರಿಸಬೇಕಾಯಿತು.

ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಸಡಿಲವಾದ ದೊಡ್ಡ ಪಟ್ಟಿ ಕಮ್ಮಿ ತೋರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ನಂಬರ್ ಸರಾಸರಿ 4.8ರಷ್ಟು ಜಾಸ್ತಿ ಬಂತು. ಇನ್ನೂ ದೊಡ್ಡದು ಬೇಕಾದವರಿಗೆ 19.5ರಷ್ಟು ಜಾಸ್ತಿ! ಬಿಪಿ ಇಲ್ಲದವರಿಗೆ ಬಿಪಿ ಇದೆ ಅನಿಸಿಬಿಡಲು ಇಷ್ಟು ಸಾಕಲ್ವಾ? ಹೊಲಿಗೆಯ ಟೇಪು ತಗೊಂಡು ಭುಜಕ್ಕೂ ಮೊಣಕೈಗೂ ಮಧ್ಯದ ಜಾಗದಲ್ಲಿ ಸುತ್ತಳತೆ ನೋಡಿ, ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮನೆಯಲ್ಲಿ ಯಾರ್ಯಾರು ಬಳಸುತ್ತಾರೋ ಅಷ್ಟೂ ಜನರದ್ದು.

ಅಳೆಯುವ ರೀತಿ. ಈ ಮಷೀನು ಪಟ್ಟಿಗೆ ಗಾಳಿ ತುಂಬಿ ತೋಳಿನ ರಕ್ತನಾಳವನ್ನು ಒತ್ತುತ್ತದೆ, ನಾಳ ಮಿಡಿಯುವಾಗ ಪಟ್ಟಿಯಲ್ಲಿ ಆಗುವ ಸಣ್ಣ ಅದುರುವಿಕೆಯನ್ನು ಹಿಡಿದು ಲೆಕ್ಕ ಹಾಕುತ್ತದೆ. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ವಿಧಾನ ಬೇರೆ, ಅದನ್ನು 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೊವ್ ಅನ್ನುವ ಡಾಕ್ಟರು ತಿಳಿಸಿಕೊಟ್ಟರು. ನಮ್ಮ ಡಿಜಿಟಲ್ ಮಷೀನಿಗೆ ಕಿವಿ ಇಲ್ಲ, ಅದುರುವಿಕೆಯೇ ಅದಕ್ಕೆ ಎಲ್ಲಾ. ಕೈ ಅಲ್ಲಾಡಿದರೆ ಅದಕ್ಕೆ ಗೊಂದಲ. ಮಾತಾಡಿದರೆ ಬಿಪಿಯೇ ನಿಜವಾಗಿ ಏರುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿಬಂದ ಮೇಲೆ, ಕಾಫಿಗೆ ಮುಂಚೆ, ಮಾತ್ರೆಗೆ ಮುಂಚೆ. ಮೂತ್ರ ತಡೆದುಕೊಂಡು ಕೂತರೂ ನಂಬರ್ ಏರುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ. ಐದು ನಿಮಿಷ ಸುಮ್ನೆ ಕೂರಬೇಕು, ಫೋನೂ ಬೇಡ. ಊಟದ ಟೇಬಲ್ ಮೇಲೆ ದಿಂಬಿಟ್ಟು ಕೈ ಎದೆಯ ಮಟ್ಟಕ್ಕೆ ಬರುವ ಹಾಗೆ ಇಡಬೇಕು, ಕೈ ಜೋತುಬಿದ್ದಿದ್ದರೆ ನಂಬರ್ ಜಾಸ್ತಿ ಬರುತ್ತದೆ. ಪಟ್ಟಿ ಬರೀ ತೋಳಿನ ಮೇಲೆ, ಸ್ವೆಟರ್ ಮೇಲೆ ಕಟ್ಟಬಾರದು, ಬಿಗಿಯಾದ ತೋಳಿನ ರವಿಕೆಯನ್ನು ಮೇಲಕ್ಕೆ ಮಡಚಿ ಕೂತರೆ ಅದೇ ತೋಳನ್ನು ಒತ್ತುತ್ತದೆ, ಹಾಗಾಗಿ ಅತ್ತೆ ಸಡಿಲ ತೋಳಿನ ನೈಟಿಯಲ್ಲಿರುವಾಗಲೇ ಮುಗಿಸುತ್ತೇವೆ. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ರಾತ್ರಿ ಮಲಗುವ ಮುಂಚೆ ಮತ್ತೆ ಹೀಗೇ.

ಅತ್ತೆಗೆ ಮಾತ್ರ ಆ ಐದು ನಿಮಿಷ ಮಾತಾಡದೆ ಕೂರುವುದೇ ದೊಡ್ಡ ಕೆಲಸ. ಹಾಲಿನವನು ಬಂದನಾ, ಸ್ಟೌ ಆಫ್ ಮಾಡಿದೆಯಾ ಅಂತ ಕೇಳುತ್ತಲೇ ಇರುತ್ತಾರೆ. ಈಗ ಅಭ್ಯಾಸವಾಗಿದೆ, ಕಣ್ಣುಮುಚ್ಚಿ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಾರೆ. ತುಟಿ ಅಲ್ಲಾಡಬಾರದು ಅಂತ ಮಾತ್ರ ಹೇಳಿದ್ದೇನೆ.

ನಂಬರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮಷೀನಿನಲ್ಲಿ ಮೆಮೊರಿ ಇದ್ದರೂ ಬರೆಯಿರಿ, ಇಬ್ಬರು ಬಳಸಿದರೆ ಮೆಮೊರಿಯಲ್ಲಿ ಯಾರದ್ದು ಯಾವುದು ಅಂತ ಬೆರೆತುಹೋಗುತ್ತದೆ. ವಾರದ ಕೊನೆಗೆ ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಕ್ಲಿನಿಕ್‌ನಲ್ಲಿ 140/90 ಅನ್ನುವುದು ಗಡಿ, ಮನೆಯಲ್ಲಿ ನೋಡುವಾಗ 135/85 ಗಡಿ. ಈ ಗಡಿ ಸರಾಸರಿಗೆ, ಒಂದೊಂದು ಸಲದ ನಂಬರಿಗಲ್ಲ. ಒಂದೇ ದಿನದಲ್ಲಿ ಒಬ್ಬರದ್ದೇ ಬಿಪಿ ಹತ್ತು ಪಾಯಿಂಟ್ ಆಚೀಚೆ ಆಗುವುದು ಮಾಮೂಲಿ. ನಿದ್ದೆ ಕೆಟ್ಟರೆ ಏರುತ್ತದೆ, ಜಗಳವಾದರೆ ಏರುತ್ತದೆ, ಚಳಿಗಾಲದಲ್ಲಿ ಬೇಸಿಗೆಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಈ ವಾರದ ಸರಾಸರಿ, ಮುಂದಿನ ತಿಂಗಳ ಒಂದು ವಾರದ ಸರಾಸರಿ, ಹೀಗೆ ಹೋಲಿಸಿ. ವಾರ ಪೂರ್ತಿ ಅಳೆದಾದ ಮೇಲೆ ಮಷೀನನ್ನು ಎತ್ತಿಟ್ಟು ಕೆಲಸ ನೋಡಿ. ದಿನಾ ಅಳೆದರೆ ನಂಬರಿನ ಚಿಂತೆ ಹತ್ತಿಕೊಳ್ಳುತ್ತದೆ, ಆ ಚಿಂತೆಗೂ ಬಿಪಿ ಏರುತ್ತದೆ.

ನನಗೆ ಈ ಮಷೀನಿನಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಇದು ನಿಧಾನವಾದ ಬದಲಾವಣೆಯನ್ನು ಕಣ್ಣಿಗೆ ಕಾಣಿಸುತ್ತದೆ. ಉಪ್ಪು ಸ್ವಲ್ಪ ಕಮ್ಮಿ ಮಾಡಿದರೆ, ಸ್ವಲ್ಪ ನಡೆದರೆ ಮೈಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದೇ ಇದ್ದರೆ ಜನ ಬಿಟ್ಟುಬಿಡುತ್ತಾರೆ. ನೋಟ್‌ಬುಕ್‌ನಲ್ಲಿ ಎರಡು ತಿಂಗಳ ಹಿಂದಿನ ಸರಾಸರಿ ನೋಡಿ, ಇವತ್ತಿನದ್ದು ನೋಡಿ, ಆರು ಪಾಯಿಂಟ್ ಇಳಿದಿದೆ ಅಂತ ಕಂಡರೆ ಮುಂದಿನ ತಿಂಗಳು ಮಾಡಲು ಮನಸ್ಸು ಬರುತ್ತದೆ.

ನಾವು ಒಂದು ಸಲಕ್ಕೆ ಒಂದೇ ಬದಲಾಯಿಸಿದೆವು. ಸೋಮವಾರದಿಂದ ಉಪ್ಪಿಲ್ಲ, ಸಕ್ಕರೆಯಿಲ್ಲ, ಐದಕ್ಕೆ ಏಳುವುದು, ಜಿಮ್ಮು ಅಂತ ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡವರನ್ನು ನೋಡಿದ್ದೇನೆ, ಯುಗಾದಿಗೆ ಶುರುವಾದದ್ದು ರಾಮನವಮಿ ಪಾನಕದ ಹೊತ್ತಿಗೆ ಮುಗಿದಿರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಒಂದು ಹೊಸ ಅಭ್ಯಾಸ ತಾನಾಗಿಯೇ ನಡೆಯಲು ಎಷ್ಟು ದಿನ ಬೇಕು ಅಂತ ನೋಡಿದ್ದರು. ನಡುವಿನ ಲೆಕ್ಕ 66 ದಿನ ಬಂತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುತ್ತದೆ ಅನ್ನುವ ಅಂದಾಜು ಅದರಲ್ಲಿತ್ತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅಂತಲೂ ಅದರಲ್ಲೇ ಗೊತ್ತಾಗಿದ್ದು. ಈ ಕೊನೆಯ ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಮದುವೆ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ತಿಂದರೆ ತಿನ್ನಿ, ಮಾರನೇ ದಿನ ಮತ್ತೆ ನಿಮ್ಮ ದಾರಿಗೆ ಬಂದರಾಯಿತು.

ಮೊದಲು ಹಿಡಿದದ್ದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತದೆ. 5 ಗ್ರಾಂ ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಮ್ಮಿಯೇ. ಅಡುಗೆ ಮಾಡುವಾಗ ಇದನ್ನು ತೂಗಿ ಹಾಕಲು ಯಾರ ಕೈಲೂ ಆಗುವುದಿಲ್ಲ, ಅದಕ್ಕೆ ನಾನು ಉಪ್ಪಿನ ಪ್ಯಾಕೆಟ್ಟಿನ ಲೆಕ್ಕ ಇಡುತ್ತೇನೆ. ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಮೂರು ಜನಕ್ಕೆ ದಿನಕ್ಕೆ 15 ಗ್ರಾಂ, ಒಂದು ಕೆಜಿ 66 ದಿನ ಬರಬೇಕು. ನಾಲ್ಕು ಜನಕ್ಕೆ 50 ದಿನ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೇ ಪ್ಯಾಕೆಟ್ಟು ಖಾಲಿಯಾದರೆ ಒಬ್ಬೊಬ್ಬರಿಗೆ 8 ಗ್ರಾಂ ದಾಟಿತು ಅಂತ ಅರ್ಥ. ಹೊರಗೆ ತಿಂದ ಮಿಕ್ಸ್ಚರ್, ಬಿಸ್ಕತ್ತು, ಹೋಟೆಲ್ ಸಾಂಬಾರು ಈ ಲೆಕ್ಕಕ್ಕೆ ಬಂದೇ ಇಲ್ಲ. ಉಪ್ಪಿನಕಾಯಿ ಹಾಕಲು ತರುವ ಉಪ್ಪನ್ನು ಬೇರೆಯಾಗಿ ಬರೆದುಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಅತ್ತೆಗೆ ಇದು ಒಂಚೂರೂ ಇಷ್ಟವಾಗಲಿಲ್ಲ.

"ಉಪ್ಪಿಲ್ಲದ ಊಟ ನನ್ನ ಕೈಲಿ ಆಗಲ್ಲ ಕಣಮ್ಮ, ಬೇಕಾದ್ರೆ ಇನ್ನೊಂದು ಮಾತ್ರೆ ನುಂಗ್ತೀನಿ" ಅಂದರು.

"ಪೂರ್ತಿ ಬಿಡಿ ಅಂತ ಯಾರು ಹೇಳಿದ್ರು ಅತ್ತೆ? ನಿಮ್ಮ ನಾಲಗೆಗೆ ಗೊತ್ತಾಗದಷ್ಟು ಕಮ್ಮಿ ಮಾಡ್ತೀನಿ, ಗೊತ್ತಾದ್ರೆ ಹೇಳಿ" ಅಂದೆ.

ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕೇಳಿ ಬೆಳೆದವರು ನಾವು. ಎಲೆ ಹಾಕಿದರೆ ಮೊದಲು ತುದಿಗೆ ಬೀಳುವುದೇ ಉಪ್ಪು. ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಸಿದರೆ ಮನೆಯಲ್ಲಿ ಯುದ್ಧವೇ ಆಗುತ್ತದೆ. ಸಾರಿಗೆ, ಪಲ್ಯಕ್ಕೆ ಹಾಕುವ ಉಪ್ಪಿನಲ್ಲಿ ಮೊದಲು ಒಂದು ಚಿಟಿಕೆ ಕಮ್ಮಿ, ಕೆಲವು ವಾರ ಬಿಟ್ಟು ಇನ್ನೊಂದು ಚಿಟಿಕೆ. ನಾಲಗೆ ಹೊಂದಿಕೊಳ್ಳಲು ಕೆಲವು ವಾರ ತಗೊಳ್ಳುತ್ತದೆ, ಆಮೇಲೆ ಹಳೆಯ ಅಳತೆಯೇ ಉಪ್ಪುಪ್ಪು ಅನಿಸುತ್ತದೆ. ಇದು ನಿಜ. ಈಗ ಹೋಟೆಲಿನ ಸಾಂಬಾರು ಕುಡಿದರೆ ಅತ್ತೆಯೇ ಮುಖ ಕಿವುಚಿ ನೀರು ಕೇಳುತ್ತಾರೆ. ಉಪ್ಪು ಇಳಿಸಿದ ಕಡೆ ಬೇರೆ ಏನಾದರೂ ಏರಿಸಿ. ನಿಂಬೆಹಣ್ಣು, ಹುರಿದು ಪುಡಿ ಮಾಡಿದ ಜೀರಿಗೆ ಮೆಣಸು, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ ಒಗ್ಗರಣೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಮೇಲೆ ಉದುರಿಸಿದರೆ ಕಮ್ಮಿ ಹಾಕಿದರೂ ನಾಲಗೆಗೆ ತಾಗುತ್ತದೆ.

ನಮ್ಮ ಕಡೆ ಮುದ್ದೆಗೆ ಉಪ್ಪು ಹಾಕುವುದಿಲ್ಲ, ಅನ್ನಕ್ಕೂ ಇಲ್ಲ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯೂ ಸಾಮಾನ್ಯವಾಗಿ ಹಾಗೇ. ಇದು ನಮಗೆ ದೊಡ್ಡ ಅನುಕೂಲ. ಉಪ್ಪೆಲ್ಲ ಇರುವುದು ಸಾರು, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಯಲ್ಲಿ. ಮುದ್ದೆ ಹಾಗೇ ಇರಲಿ, ಪಕ್ಕದಲ್ಲಿ ಇರುವುದನ್ನು ನೋಡಿಕೊಂಡರೆ ಆಯಿತು. ಉಪ್ಪಿನಕಾಯಿ ಜಾಡಿಯನ್ನು ಊಟದ ಟೇಬಲ್ಲಿನಿಂದ ಅಡುಗೆಮನೆಯ ಮೇಲಿನ ಶೆಲ್ಫಿಗೆ ಇಟ್ಟೆವು. ಬೇಕಾದವರು ಎದ್ದು ಹೋಗಿ ಹಾಕಿಕೊಂಡು ಬರಬಹುದು, ಯಾರೂ ತಡೆಯುವುದಿಲ್ಲ. ಎದ್ದು ಹೋಗುವ ಸೋಮಾರಿತನಕ್ಕೇ ಮುಕ್ಕಾಲು ಉಪ್ಪಿನಕಾಯಿ ಉಳಿಯಿತು.

ಒಂದು ಎಚ್ಚರಿಕೆ. ಕಲ್ಲುಪ್ಪು, ಸೈಂಧವ ಲವಣ, ಗುಲಾಬಿ ಬಣ್ಣದ ಉಪ್ಪು ಇವುಗಳಿಂದ ಬಿಪಿ ಏರುವುದಿಲ್ಲ ಅಂತ ಹೇಳುವವರನ್ನು ನಂಬಬೇಡಿ. ಅವೂ ಹೆಚ್ಚುಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡೇ. ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಬೇರೆ ಸಿಗುತ್ತದೆ, ಅದರಲ್ಲಿ ಸ್ವಲ್ಪ ಭಾಗ ಪೊಟ್ಯಾಷಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ, ನಾಲ್ಕರಲ್ಲಿ ಒಂದು ಭಾಗ ಪೊಟ್ಯಾಷಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಮ್ಮಿಯಾಗಿತ್ತು. ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇರುವವರಿಗೆ ಇದು ಅಪಾಯ. ಟೆಲ್ಮಿಸಾರ್ಟನ್, ಲೊಸಾರ್ಟನ್ ತರದ ಬಿಪಿ ಮಾತ್ರೆಗಳು ತಾವೇ ರಕ್ತದಲ್ಲಿ ಪೊಟ್ಯಾಷಿಯಂ ಏರಿಸಬಹುದು. ಅತ್ತೆ ನುಂಗುವುದು ಅದೇ ಜಾತಿಯ ಮಾತ್ರೆ, ಹಾಗಾಗಿ ನಮ್ಮ ಮನೆಗೆ ಆ ಉಪ್ಪು ತಂದಿಲ್ಲ. ನೀವೂ ಡಾಕ್ಟರನ್ನು ಕೇಳದೆ ತರಬೇಡಿ.

ಉಪ್ಪು ಒಂದು ಹದಕ್ಕೆ ಬಂದ ಮೇಲೆ ನಡಿಗೆ. ನಮ್ಮವರಿಗೆ ಬೆಳಿಗ್ಗೆ ವಾಕಿಂಗ್ ಹೋಗಿ ಅಂದರೆ ಅದು ಆಗುವ ಮಾತಲ್ಲ, ರೈಲು ಹಿಡಿಯಬೇಕು. ಸಂಜೆ ಸ್ಟೇಷನ್ನಿನಿಂದ ಮನೆಗೆ ಆಟೋದಲ್ಲಿ ಬರುತ್ತಿದ್ದರು, ಅದರಲ್ಲಿ ಮೊದಲು ಅರ್ಧ ದಾರಿ ನಡೆಯುವುದು ಅಂತಾಯಿತು, ಆಮೇಲೆ ಪೂರ್ತಿ. ಹೊಸದಾಗಿ ಸಮಯ ಹುಡುಕುವ ಕೆಲಸವೇ ಬೀಳಲಿಲ್ಲ. ಹೇಗಿದ್ದರೂ ಮನೆಗೆ ಬರಲೇಬೇಕಲ್ಲ. ಭಾನುವಾರ ಇಬ್ಬರೂ ಅಮಾನಿಕೆರೆಯ ಸುತ್ತ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕಮ್ಮಿಯೆಂದರೆ 150 ನಿಮಿಷ ಚುರುಕಾದ ನಡಿಗೆಯಂಥ ಕೆಲಸ. ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಕೊರಗುವವರಿಗೆ ಒಂದು ಮಾತು. ಆ ಲೆಕ್ಕ ಚಾಲ್ತಿಗೆ ಬಂದದ್ದು 1960ರ ದಶಕದಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅಷ್ಟು ಆಗದಿದ್ದರೆ ನಡೆದದ್ದು ವ್ಯರ್ಥ ಅಂತ ಏನೂ ಇಲ್ಲ.

ಅತ್ತೆಗೆ ಮಂಡಿ ನೋವು. ರಾತ್ರಿ ಊಟವಾದ ಮೇಲೆ ಮನೆ ಮುಂದಿನ ರಸ್ತೆಯಲ್ಲಿ ಎರಡು ಮನೆ ಆಚೆಯವರೆಗೆ ಅಂತ ಶುರುವಾಯಿತು, ಈಗ ಬೀದಿಯ ಕೊನೆಯ ಗಣೇಶನ ಗುಡಿಯವರೆಗೆ ಹೋಗಿಬರುತ್ತಾರೆ. ಪಕ್ಕದ ಮನೆಯ ಅಜ್ಜಿಯೂ ಜೊತೆ ಸೇರಿದ್ದಾರೆ. ಮಾತಾಡುವುದಕ್ಕೆ ಜನ ಸಿಕ್ಕಿದ್ದರಿಂದ ಈಗ ನಾವು ನೆನಪಿಸುವುದೇ ಬೇಡ, ಅವರೇ ಚಪ್ಪಲಿ ಹಾಕಿಕೊಂಡು ನಿಂತಿರುತ್ತಾರೆ.

ಫಲಿತಾಂಶ ಕೇಳಿದರೆ, ನಮ್ಮವರ ವಾರದ ಸರಾಸರಿ ಸರಿಯಾದ ಪಟ್ಟಿ ಕಟ್ಟಿ ನೋಡಿದಾಗ 140ರ ಆಸುಪಾಸು ಇತ್ತು. ಮೂರು ತಿಂಗಳ ಮೇಲೆ 130ರ ಸ್ವಲ್ಪ ಮೇಲೆ. ಈಗ ಅದಕ್ಕೂ ಕೆಳಗೆ. ಡಾಕ್ಟರು ನೋಟ್‌ಬುಕ್ ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಮುಂದುವರಿಸಿ ಅಂದಿದ್ದಾರೆ. ಒಂದೆರಡು ಕೆಜಿ ತೂಕವೂ ಇಳಿದಿದೆ, ಅದರ ಪಾಲೂ ಇದರಲ್ಲಿ ಇದೆ. ಅತ್ತೆಯ ನಂಬರ್ ಮೊದಲಿನಷ್ಟು ಹಾರಾಡುವುದಿಲ್ಲ, ಆದರೆ ಮಾತ್ರೆ ಹಾಗೇ ಇದೆ. ಇರಲಿ. ಎಲ್ಲರಿಗೂ ಉಪ್ಪು ನಡಿಗೆಯಲ್ಲೇ ಬಿಪಿ ಇಳಿಯುತ್ತದೆ ಅಂತ ಹೇಳುವುದು ಸುಳ್ಳು. ಅಮೆರಿಕದಲ್ಲಿ ನಡೆದು 2001ರಲ್ಲಿ ಹೊರಬಂದ ಡ್ಯಾಶ್-ಸೋಡಿಯಂ ಪರೀಕ್ಷೆಯಲ್ಲಿ ಹಣ್ಣು ತರಕಾರಿ ಜಾಸ್ತಿ ಇರುವ ಊಟ, ಕಮ್ಮಿ ಉಪ್ಪು ಎರಡನ್ನೂ ಸೇರಿಸಿದಾಗ ಬಿಪಿ ಇದ್ದವರಲ್ಲಿ ಮೇಲಿನ ನಂಬರ್ ಸರಾಸರಿ 11.5 ಇಳಿದಿತ್ತು. ಅದು ಊಟವನ್ನು ಅವರೇ ಮಾಡಿ ಕೊಟ್ಟು ನಡೆಸಿದ ಪರೀಕ್ಷೆ, ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ. ಐದಾರು ಪಾಯಿಂಟ್ ಇಳಿದರೂ ಖುಷಿಪಡಿ.

ಮನೆಯಲ್ಲಿ ನಂಬರ್ ಚೆನ್ನಾಗಿ ಬಂತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಚೆನ್ನಾಗಿ ಬಂದಿರುತ್ತದೆ. ನಮ್ಮ ನೆಂಟರಲ್ಲಿ ಒಬ್ಬರು ಹೀಗೆ ನಿಲ್ಲಿಸಿ ಆಸ್ಪತ್ರೆ ಸೇರಿದರು, ಅದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಮತ್ತೆ ಮತ್ತೆ ಅಳೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಈ ಲಕ್ಷಣಗಳಿದ್ದರೆ ನಂಬರ್ ಅಷ್ಟು ಇಲ್ಲದಿದ್ದರೂ ಹೊರಡಿ. ಬೇರೆ ಏನೂ ಲಕ್ಷಣವಿಲ್ಲದೆ ನಂಬರ್ ಮಾತ್ರ ಅಷ್ಟು ಬಂದರೆ, ಸ್ವಲ್ಪ ಹೊತ್ತು ಕೂತು ಇನ್ನೊಮ್ಮೆ ನೋಡಿ, ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಹೃದಯದ ಬಡಿತ ಏರುಪೇರು ಇರುವವರಿಗೆ ಈ ಮಷೀನುಗಳು ಸರಿಯಾಗಿ ತೋರಿಸದೆ ಇರಬಹುದು. ಗರ್ಭಿಣಿಯರಿಗೆ ಅಂತ ಬೇರೆಯಾಗಿ ಪರೀಕ್ಷೆ ಮಾಡಿದ ಮಾಡೆಲ್ ಬೇಕು. ಈ ಇಬ್ಬರೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಮಷೀನಿನ ಬಗ್ಗೆ ಸಣ್ಣಪುಟ್ಟ ದೂರುಗಳು ಇವೆ. ಪರದೆಗೆ ಬೆಳಕಿಲ್ಲ, ಬೆಳಿಗ್ಗೆ ಲೈಟ್ ಹಾಕದೆ ಕಾಣುವುದಿಲ್ಲ. ಸೆಲ್ ಹಾಕಿ ನಡೆಸಬೇಕು, ಅಡಾಪ್ಟರ್ ಡಬ್ಬದಲ್ಲಿ ಕೊಡುವುದಿಲ್ಲ. ಸೂಚನೆ ಪುಸ್ತಕದಲ್ಲಿ ಕನ್ನಡ ಇಲ್ಲ. ಇದು ನನಗೆ ನಿಜವಾಗಿಯೂ ಬೇಜಾರು. ವಯಸ್ಸಾದವರೇ ಜಾಸ್ತಿ ಬಳಸುವ ವಸ್ತು, ಕೈ ಹೇಗಿಡಬೇಕು, ಎಷ್ಟು ಹೊತ್ತು ಕೂರಬೇಕು ಅನ್ನುವ ನಾಲ್ಕು ಸಾಲು ಅವರ ಭಾಷೆಯಲ್ಲಿ ಇರಬೇಡವಾ? ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ನೀವೂ ಹಾಗೆ ಮಾಡಿ, ಊರಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನಿಗೆ ಕೊಡಿಸುತ್ತಿದ್ದರಂತೂ ಖಂಡಿತ ಮಾಡಿ. ವರ್ಷಕ್ಕೊಮ್ಮೆ ಮಷೀನನ್ನು ಕ್ಲಿನಿಕ್‌ಗೆ ತಗೊಂಡು ಹೋಗಿ ಅಲ್ಲಿಯ ನಂಬರಿನ ಜೊತೆ ಹೋಲಿಸಿ ನೋಡಿ. ಪಟ್ಟಿಯ ಅಂಟು ಹೋದರೆ ಹೊಸ ಪಟ್ಟಿ ಹಾಕಿಸಿ, ದಾರ ಕಟ್ಟಿ ನಡೆಸಬೇಡಿ.

ಈಗಲೇ ಅಷ್ಟು ದುಡ್ಡು ಹಾಕಲು ಆಗದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗಿ, ಬಿಪಿಯನ್ನು ಅಲ್ಲಿ ಉಚಿತವಾಗಿ ನೋಡುತ್ತಾರೆ. ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ, ಹೋದ ತಕ್ಷಣ ತೋಳು ಚಾಚದೆ ಐದು ನಿಮಿಷ ಕೂತು ಆಮೇಲೆ ನೋಡಿಸಿಕೊಳ್ಳಿ, ಎರಡೂ ನಂಬರನ್ನು ಕೇಳಿ ತಾರೀಕಿನ ಜೊತೆ ಬರೆದುಕೊಂಡು ಬನ್ನಿ.